ಆಯಿಯ ಮೊಮ್ಮಗ, ನನ್ನ ತಕ್ಕಡಿ

ಹಳ್ಳಿ ನರ್ಸಬಾಯಿ ಅಂದಮ್ಯಾಲ ಒಂದಿಲ್ಲೊಂದ ಫಜೀತಿ ನಡೀತಾನ ಇರ್ತಾವ್ರಿ. ಟ್ರೇನಿಂಗ್‌ನ್ಯಾಗ ಸೂಜಿ ಚುಚ್ಚೂದ ಕಲಿಸಿದ್ರು, ಮನಿ ಹಿರ್ಯಾರನ್ನ ಒಪ್ಪಿಸೂದ ಯಾರೂ ಕಲಿಸಲಿಲ್ಲ. ಅದನ್ನ ಕಲಿಸಿದಾಕಿ ಮೊರಬ ಊರಿನ ಒಬ್ಬಾಕಿ ಮುದುಕಿ, ಎಲ್ಲಾರ ಬಾಯಾಗ ಆಯಿ. ಈಗ ನಾನೂ ರಿಟೈರ್ ಆಗಾಕ ಬಂದೀನಿ. ಆಕಿ ನೆನಪಾದ್ರ ನಗೂನೂ ಬರ್ತೈತಿ, ಕಣ್ಣಾಗ ನೀರೂ ಬರ್ತಾವ.

ರಕ್ತದ ಗುಳಿಗಿ

ಆಯಿ ಸೊಸಿ ಚೊಚ್ಚಲ ಬಸರಿ. ಮಾರಿ ಬಿಳಚಿಕೊಂಡಿತ್ತು, ಮೈಯಾಗ ರಕ್ತಾನ ಇದ್ದಿಲ್ಲ. ಕಬ್ಬಿಣದ ಗುಳಿಗಿ ಕೊಡಾಕ ಹೋದ್ರ ಆಯಿ ಅಡ್ಡ ನಿಂತಳು. "ಅವನ್ನ ತಿಂದ್ರ ಕೂಸು ಕರ್ರಗ ಹುಟ್ಟತೈತಿ, ಬ್ಯಾಡ್ರಿ."

ಆಯಿ ಕೈ ದಾಟದ ಯಾವುದೂ ಸೊಸಿ ಬಾಯಿಗೆ ಹೋಗೂದಿಲ್ಲ ಅನ್ನೂದು ನನಗ ಗೊತ್ತಿತ್ತು. ಗುಳಿಗಿ ಆಕಿ ಕೈಯಾಗನ ಇಟ್ಟು, "ನೀನ ಹಿರ್ಯಾಕಿ, ದಿನಾ ಒಂದ ನೀನ ಕೊಡಬೇ" ಅಂದೆ. ಹದಿನೈದು ದಿನ ಬಿಟ್ಟು ಹೋದ್ರ ಗುಳಿಗಿ ಖಾಲಿ. ಸೊಸಿ ಮಾರಿ ಮಾತ್ರ ಹಂಗ ಬೆಳ್ಳಗ.

"ಯಾರ ತಿಂದ್ರು ಆಯಿ?"

"ನಾನ ತಿಂದ್ನಿರಿ. ಕರ್ರಗ ಆಗ್ತೀನೇನ ಅಂತ ದಿನಾ ಕನ್ನಡಿ ನೋಡಿದೆ. ಏನೂ ಆಗಿಲ್ಲ. ಇನ್ನ ಸೊಸಿಗೆ ಕೊಡ್ರಿ."

ಉಳ್ಳಾಗಡ್ಡಿ ಅಲ್ಲ

ಮೊಮ್ಮಗ ಹುಟ್ಟಿದ. ಎರಡ ಕಿಲೋ ಸೈತ ತುಂಬಿರಲಿಲ್ಲ. ವಾರಾ ವಾರಾ ತೂಗದಿದ್ರ ಕೂಸು ಬೆಳಿಯಾಕತ್ತೈತೋ ಇಲ್ಲೋ ತಿಳಿಯೂದ ಹೆಂಗ? ನನಗ ಅದ ಒಂದ ಚಿಂತಿ. ತಕ್ಕಡಿ ತೂಗಹಾಕಿದ್ರ ಆಯಿ ಕೂಸಿನ್ನ ಸೆರಗಿನ್ಯಾಗ ಮುಚ್ಚಿಕೊಂಡಳು.

"ತೂಗಾಕ ಅದೇನ ಉಳ್ಳಾಗಡ್ಡೇನ್ರಿ? ತೂಕ ಬಾಯಿಲೆ ಅಂದ್ರ ದೃಷ್ಟಿ ಆಕ್ಕೈತಿ."

ಕಡೀಕ ಒಪ್ಪಂದ ಆತು. ಮೊದಲ ಅಂಗಾಲಿಗೆ ಕಾಡಿಗಿ ಬೊಟ್ಟು. ತಕ್ಕಡಿಗೆ ಆಯಿದ ಹಳೇ ಸೀರಿ ಜೋಳಿಗಿ. ತೂಕ ನಾನು ಕಾರ್ಡಿನ್ಯಾಗ ಸುಮ್ಮನ ಬರೀಬೇಕು, ಬಾಯಿಲೆ "ಅಯ್ಯ, ಏನ ಸೊರಗೇತಿ!" ಅನಬೇಕು. ತೂಕ ಏರಿದಷ್ಟೂ ಜೋರ ಅನ್ನೂದು.

ಒಂದ ವಾರ ನನಗ ನೆಗಡಿ ಬಂದು ದನಿ ಬಿದ್ದಿತ್ತು, ಮೆಲ್ಲಕ ಅಂದೆ. ಆಯಿ ಎದಿ ಹಿಡಕೊಂಡಳು. "ಯಾಕ್ರಿ ಬಾಯಾರ, ತೂಕ ಇಳದೈತೇನು?"

ಸಾಹೇಬ್ರು ಬಂದ ದಿನ

ಕೂಸಿಗೆ ನಾಲ್ಕು ತಿಂಗಳಾಗಿತ್ತು. ತಾಲೂಕಿನಿಂದ ಹೊಸಾ ಸಾಹೇಬ್ರು ನನ್ನ ಕೆಲಸ ನೋಡಾಕ ಬಂದ್ರು. ನಾನು ಕೂಸಿನ್ನ ತೂಗಿ, "ಅಯ್ಯಯ್ಯ, ಏನ ಸೊರಗೇತಿ!" ಅಂತ ಒದರಿದೆ. ಸಾಹೇಬ್ರಿಗೆ ಗಾಬರಿ.

"ಹಂಗಾದ್ರ ದವಾಖಾನಿಗೆ ಯಾಕ ಕಳಿಸಿಲ್ಲ?"

ತೂಕ ಬಾಯಿಲೆ ಅನ್ನೂವಂಗಿಲ್ಲಲ್ಲ, ಕಾರ್ಡ್ ತೋರಿಸಿದೆ. ಅವರು ಖುಷಿಲೆ ಓಣಿಗೆಲ್ಲಾ ಕೇಳೂವಂಗ, "ಅಬ್ಬಾ, ಐದೂವರಿ ಕಿಲೋ! ಎಂಥಾ ಗುಂಡ!" ಅಂದಬಿಟ್ರು.

ಆಯಿ ಕೂಸಿನ್ನ ಕಸಗೊಂಡಳು. "ಇನ್ನ ಈ ತಕ್ಕಡಿಗೆ ನನ್ನ ಮೊಮ್ಮಗನ್ನ ತರಂಗಿಲ್ಲ."

ಇಷ್ಟ ದಿನ ಮಾಡಿದ್ದೆಲ್ಲಾ ನೀರಾಗ ಹೋತು ಅನಿಸ್ತು. ಸಾಹೇಬ್ರ ಕಿವ್ಯಾಗ ಸಂಗತಿ ಹೇಳಿದೆ. ಭಾಳ ಚಲೋ ಮನಷ್ಯಾ, ಆಯಿ ಮುಂದ ಹೋಗಿ ಕೈ ಮುಗದ್ರು. "ತಪ್ಪಾತಬೇ. ಕಣ್ಣಿಗೆ ಚಾಳೀಸ್ ಇಲ್ಲದ ನೋಡಿದ್ದೆ. ಈಗ ಹಾಕ್ಕೊಂಡ ನೋಡಿದ್ರ ಕೂಸು ಅಗದಿ ಸೊರಗೇತಿ."

ಆಯಿ ಮಾರಿ ಅರಳ್ತು. "ಹಂಗ ಅನ್ರಿ ಮತ್ತ. ಬರೂ ವಾರ ತರ್ತೀನಿ."

ಆಮ್ಯಾಲ ಅಂಗಿ ಗುಂಡಿ ಹರಿಯೂವಂಗ ಮುಂದ ಬಂದಿದ್ದ ಸಾಹೇಬ್ರ ಹೊಟ್ಟಿ ನೋಡಿ, ಭಾಳ ಮರ್ಯಾದಿಲೆ ಅಂದಳು:

"ನೀವೂ ಏನ ಕಡಿಮಿ ಸೊರಗಿಲ್ಲ ಬಿಡ್ರಿ ಸಾಹೇಬ್ರ!"