ಸೀಬೆ ಗಿಡಕ್ಕೆ ಕಟ್ಟಬೇಕಾಗಿದ್ದ ಸಿ.ಡಿ.

ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಿಟ್ಟಿಯಾಗಿ ಬಂದ ಸಿ.ಡಿ.ಯಿಂದ ಚಂದ್ರಮೌಳಿಯ ಗ್ರಹಚಾರ ಶುರುವಾಯಿತು. ಪತ್ರ ಬರೆಯಲು, ಪಟ್ಟಿ ಮಾಡಲು ಬೇಕಾದ ಆಫೀಸ್ ಸಾಫ್ಟ್‌ವೇರೆಲ್ಲ ಅದರಲ್ಲಿತ್ತು. ಕಾಸು ಕೊಡಬೇಕಿಲ್ಲ, ಕದಿಯಬೇಕಿಲ್ಲ. ಒಂಟಿಕೊಪ್ಪಲಿನ ಮನೆಯಲ್ಲಿ ಮೂರು ತಿಂಗಳು ಕೂತು ಅದನ್ನು ಕಲಿತ.

ಕಲಿಯದೆ ವಿಧಿಯಿರಲಿಲ್ಲ. ಕಡಕೊಳದ ಊದುಬತ್ತಿ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಪುಡಿ ಬೆರೆಸಿ ಅವನಿಗೆ ಸೀನೂ ದಮ್ಮೂ ಹತ್ತಿದ್ದವು. ಧೂಳು ಬಿಡದಿದ್ದರೆ ಜೀವ ಬಿಡುತ್ತೀರಿ ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಸ್ಟಾಕ್ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರೆ ಅದು ನಿಮಗೇ ಎಂದು ಮ್ಯಾನೇಜರ್ ಕೃಷ್ಣಸ್ವಾಮಿ ಮಾತು ಕೊಟ್ಟಿದ್ದರು.

ತೋರಿಸಬೇಕಾದ ದಿನ ಬೆಳಿಗ್ಗೆ ಅವನ ಫ್ಲಾಪಿಯನ್ನು ಅವರು ಕಂಪ್ಯೂಟರಿಗೆ ಹಾಕಿದರು. ಪಟ್ಟಿ ಬರಲಿಲ್ಲ, ಮಸಿ ಮೆಟ್ಟಿದ ಇರುವೆಗಳು ಪರದೆಯ ತುಂಬ ಓಡಾಡಿದ ಹಾಗೆ ಏನೇನೋ ಬಂತು. ಸಿ.ಡಿ.ಯನ್ನೂ ತಂದಿದ್ದೇನೆ, ಹಾಕಿಕೊಂಡರೆ ತೆರೆಯುತ್ತದೆ ಎಂದು ಚಂದ್ರಮೌಳಿ ಬೇಡಿಕೊಂಡ.

"ಬಿಟ್ಟಿ ಸಾಮಾನೆಲ್ಲ ನಮ್ಮ ಮಿಷಿನ್‌ಗೆ ಹಾಕೋಲ್ಲ ಕಣ್ರೀ. ಎಲ್ಲರೂ ಬಳಸೋದ್ರಲ್ಲಿ ಮಾಡ್ಕೊಂಡು ನಾಲ್ಕು ಗಂಟೆಗೆ ಬನ್ನಿ," ಎಂದರು ಕೃಷ್ಣಸ್ವಾಮಿ.

ಹೊರಗೆ ಬಂದು ಸಿ.ಡಿ.ಯನ್ನು ಕಸಕ್ಕೆ ಎಸೆಯಲು ಕೈಯೆತ್ತಿದ. ಅವನ ಜೊತೆಯಲ್ಲೇ ಪುಡಿ ಬೆರೆಸುವ ಮಂಟಯ್ಯ ತಡೆದ.

"ಬ್ಯಾಡ್ವಾದ್ರೆ ನಂಗೆ ಕೊಟ್ಬುಡಿ ಮೌಳಣ್ಣ. ಸೀಬೆ ಗಿಡಕ್ಕೆ ಕಟ್ತೀನಿ, ಗಿಣಿ ಕಾಟ ಜಾಸ್ತಿ ಆಗೈತೆ."

ಕೊಟ್ಟುಬಿಟ್ಟ. ರಜೆ ಹಾಕಿ ಮನೆಗೆ ಓಡಿದರೆ, ಪಕ್ಕದ ಮನೆಯ ವೃಷಭೇಂದ್ರಪ್ಪನವರು ಗೇಟಿನಲ್ಲೇ ಹಿಡಿದರು. ಅವರು ಕಂಪ್ಯೂಟರನ್ನು ಮುಟ್ಟಿದವರಲ್ಲ, ಆದರೆ ಅದರ ಬಗ್ಗೆ ಅವರಿಗೆ ತಿಳಿಯದ್ದು ಯಾವುದೂ ಇರಲಿಲ್ಲ. ಸ್ಕೂಟರಿನಲ್ಲಿ ಲಷ್ಕರ್ ಮೊಹಲ್ಲಾಕ್ಕೆ ಕರೆದೊಯ್ದು, ಎಲ್ಲರೂ ಬಳಸುವ ದುಬಾರಿ ಸಾಫ್ಟ್‌ವೇರಿನ ಕಳ್ಳ ಸಿ.ಡಿ.ಯೊಂದನ್ನು ಕೊಡಿಸಿದರು. ಎರಡು ಸಾಫ್ಟ್‌ವೇರ್ ಒಂದೇ ಕಂಪ್ಯೂಟರಿನಲ್ಲಿದ್ದರೆ ಸವತಿಯರ ಹಾಗೆ ಕಿತ್ತಾಡುತ್ತವೆ ಎಂದು ಹಳೆಯದನ್ನು ಅಳಿಸಿಯೂ ಹಾಕಿಸಿದರು. ಅಳಿಸಿದ ಮೇಲೆ ಹಳೆಯ ಪಟ್ಟಿ ಮನೆಯಲ್ಲೂ ತೆರೆಯಲಿಲ್ಲ. ಚಂದ್ರಮೌಳಿ ಊಟ ಬಿಟ್ಟು ನೂರಿಪ್ಪತ್ತು ಸಾಲುಗಳನ್ನು ಮೊದಲಿನಿಂದ ಬಡಿದ. ಅಳು ಬರುತ್ತಿತ್ತು, ಅಳುವುದಕ್ಕೂ ಪುರುಸೊತ್ತಿರಲಿಲ್ಲ.

ನಾಲ್ಕಕ್ಕೆ ಐದು ನಿಮಿಷ ಇರುವಾಗ, ಒಂದು ಕೈಯಲ್ಲಿ ಬೇರೊಂದು ಫ್ಲಾಪಿ, ಇನ್ನೊಂದರಲ್ಲಿ ಹೊಸ ಸಿ.ಡಿ. ಹಿಡಿದು ಏದುಸಿರು ಬಿಡುತ್ತಾ ಆಫೀಸಿಗೆ ನುಗ್ಗಿದ. ಖಾಲಿ ಕುರ್ಚಿಯಲ್ಲಿ ಮಂಟಯ್ಯ ಕೂತಿದ್ದ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

"ಕಳ್ಳ ಸಾಫ್ಟ್‌ವೇರ್ ಹಿಡಿಯೋರು ನಾಳೆ ಬರ್ತಾರಂತೆ, ವಕೀಲರು ಫೋನ್ ಮಾಡಿದ್ರು," ಎಂದರು ಕೃಷ್ಣಸ್ವಾಮಿ. "ನಮ್ಮದೂ ಕಳ್ಳಮಾಲೇ ಅಲ್ವೇ, ಎಲ್ಲ ಅಳಿಸಿ ತಲೆ ಮೇಲೆ ಕೈಹೊತ್ತು ಕೂತಿದ್ದೆ. ಮಂಟಯ್ಯ ಊಟದ ಚೀಲದಿಂದ ಆ ಬಿಟ್ಟಿ ಸಿ.ಡಿ. ತೆಗೆದುಕೊಟ್ಟ. ಕಾರ್ಖಾನೆ ಮಾನ ಉಳೀತು. ಕೆಲಸ ಅವನಿಗೇ ಕೊಟ್ಬಿಟ್ಟೆ. ಆಮೇಲೆ ನೀವು ಬೆಳಿಗ್ಗೆ ಇಲ್ಲೇ ಬಿಟ್ಟುಹೋದ ಫ್ಲಾಪಿಯ ಪಟ್ಟೀನೂ ತೆರೀತು, ಚೆನ್ನಾಗಿದೆ ಕಣ್ರೀ. ಆದ್ರೆ ಮಾತು ಕೊಟ್ಟಾಗಿತ್ತು."

ಮೊದಲು ಮಾತು ಕೊಟ್ಟದ್ದು ನನಗಲ್ಲವೇ ಎಂದು ಕೇಳುವ ಧೈರ್ಯ ಚಂದ್ರಮೌಳಿಗೆ ಬರಲಿಲ್ಲ. ಮಂಟಯ್ಯನಿಗೆ ಕಂಪ್ಯೂಟರ್ ಆನ್ ಮಾಡುವುದಕ್ಕೂ ಬರುವುದಿಲ್ಲವಲ್ಲ ಎಂದಷ್ಟೇ ತೊದಲಿದ.

"ಅದಕ್ಕೇ ನೀವಿದೀರಲ್ಲ. ದಿನಾ ಪುಡಿ ಕೆಲಸ ಮುಗಿಸಿ ಬಂದು ಒಂದು ಗಂಟೆ ಹೇಳ್ಕೊಡಿ."

ಮಂಟಯ್ಯ ಕುರ್ಚಿಯಿಂದಲೇ ಸಂಕೋಚದಿಂದ ಕೈಚಾಚಿದ.

"ಆ ಹೊಸ ಸಿ.ಡಿ. ಬ್ಯಾಡ್ವಾದ್ರೆ ಕೊಟ್ಬುಡಿ ಮೌಳಣ್ಣ. ಸೀಬೆ ಗಿಡ ಅಂಗೇ ನಿಂತೈತೆ."

ಚಂದ್ರಮೌಳಿ ಏನೋ ಹೇಳಲು ಬಾಯಿ ತೆರೆದ. ಬಂದದ್ದು ಸೀನು.