ಕುಂಕುಮದ ಬೊಟ್ಟಿಟ್ಟ ಆಂಪ್ಲಿಫಯರ್

ಅಂದು ಬೆಳಿಗ್ಗೆ ನಾನು ನೆನೆಸಿದ ಅವರೆಕಾಳು ಹಿತುಕುತ್ತಾ ಕುಳಿತಿದ್ದೆ. ಪಕ್ಕದ ಮನೆಯ ವಿಮಲಾ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಸುದ್ದಿ ಒಗೆದಳು.

"ರುಕ್ಕಮ್ಮ, ನಾಲ್ಕು ಗಂಟೆಗೆ ಶಾರದಮ್ಮನವರು ನಿಮ್ಮನೆಗೇ ಬರ್ತಾರಂತೆ ಕಣ್ರೀ! ನಿಮ್ಮ ಹಾಡು ಕೇಳೋಕೆ!"

ಕೈಯಲ್ಲಿದ್ದ ಕಾಳು ಪುಳಕ್ಕನೆ ಹಾರಿ ಫ್ರಿಜ್ಜಿನ ಅಡಿಗೆ ಹೋಯಿತು.

ಶಾರದಮ್ಮನವರು ನಮ್ಮ ಅಲ್ಲಾಳಸಂದ್ರದ ಭಜನಾ ಮಂಡಲಿಯ ಹಿರಿಯರು. ಧನುರ್ಮಾಸದ ಭಜನೆಯಲ್ಲಿ ಮುಂದೆ ಕುಳಿತು ಹೇಳಿಕೊಡುತ್ತಿದ್ದ ಇನ್ನೊಬ್ಬರು ಮಗಳ ಬಾಣಂತನಕ್ಕೆ ಹೋಗಿದ್ದರು. ಆ ಜಾಗ ಖಾಲಿಯಿತ್ತು, ಯಾರನ್ನು ಕೂರಿಸುವುದೆಂದು ಶಾರದಮ್ಮನವರೇ ತೀರ್ಮಾನಿಸಬೇಕಿತ್ತು. ಒಂಬತ್ತು ವರ್ಷಕಾಲ ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ಕುಳಿತು ಹಾಡಿದ ನನಗೆ, ಒಂದು ಬೆಳಗಾದರೂ ದೇವರ ಮುಖ ನೋಡುತ್ತಾ ಹಾಡಬೇಕೆಂಬ ಆಸೆ. ತೊಂದರೆ ಒಂದೇ. ಯಾರಾದರೂ ಎದುರು ಕುಳಿತು ಕೇಳಿದರೆ ನನಗೆ ಗಂಟಲು ಕಟ್ಟುತ್ತದೆ. ದೇವರಾದರೆ ಪರವಾಗಿಲ್ಲ, ಅವನು ಮುಖ ಕಿವುಚುವುದಿಲ್ಲ.

ಆದರೂ ನಾನು ಹೆದರಲಿಲ್ಲ. ನನ್ನ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಅದನ್ನು ಕೇಳಿಸಲು ಮನೆಯಲ್ಲೇ ಯಜಮಾನರ ಸಂಗೀತ ಸಾಮ್ರಾಜ್ಯವಿತ್ತು!

ಸಾಮ್ರಾಜ್ಯವೆಂದರೆ ಎರಡು ಹೆಡ್‌ಫೋನು, ಎರಡು ಆಂಪ್ಲಿಫಯರು. ಹೆಡ್‌ಫೋನುಗಳೆರಡೂ ಕಪ್ಪು, ಎರಡೂ ತಟ್ಟೆ ಇಡ್ಲಿಯ ಹಾಗೆ ದುಂಡಗೆ. ಆಂಪ್ಲಿಫಯರುಗಳೆರಡೂ ಮಸಾಲೆ ಡಬ್ಬಿಯ ಗಾತ್ರದ ಕಪ್ಪು ಪೆಟ್ಟಿಗೆಗಳು. ಒಂದು ಭಾನುವಾರ ಯಜಮಾನರು ನನ್ನನ್ನು ಕೂರಿಸಿ ಉಪದೇಶ ಮಾಡಿದ್ದರು.

"ನೋಡು ರುಕ್ಕು, ಈ ಹೆಡ್‌ಫೋನ್ ಸೋಮಾರಿ. ಜೋರಾಗಿ ತಳ್ಳಿದ್ರೇನೇ ಏಳೋದು. ಅದಕ್ಕೇ ಈ ಬಲವಾದ ಆಂಪ್ಲಿಫಯರ್. ಕಛೇರಿ, ದೇವರನಾಮ ಎಲ್ಲ ಈ ಜೋಡೀಲಿ. ಗುಂಡಿ ಮುಕ್ಕಾಲು ಸುತ್ತು ತಿರುಗಿಸಿದ್ರೆ ಎಳೆ ಎಳೆಯಾಗಿ ಕೇಳ್ಸುತ್ತೆ. ಆ ಇನ್ನೊಂದು ಬಲು ಸೂಕ್ಷ್ಮ, ಮುಟ್ಟಿದ್ರೆ ಕಿರುಚುತ್ತೆ. ಅದಕ್ಕೆ ಆ ಮೆತ್ತಗಿನ ಆಂಪ್ಲಿಫಯರ್. ಸಿನಿಮಾ ಹಾಡು, ಡ್ರಮ್ಮು, ಗಿಟಾರು ಅದರಲ್ಲಿ. ಅದಲುಬದಲು ಮಾಡ್ಬೇಡ ಕಣೇ!"

"ಜಾತಕ ನೋಡಿ ಮದುವೆ ಮಾಡಿದ ಹಾಗಾಯ್ತಲ್ರೀ?"

"ಹೌದು. ನಮ್ಮದಕ್ಕಿಂತ ಚೆನ್ನಾಗಿ ಕೂಡಿಬಂದಿದೆ."

ಆ ಮಾತನ್ನು ಕ್ಷಮಿಸಿ, ಮರುದಿನ ಅವರು ಫ್ಯಾಕ್ಟರಿಗೆ ಹೋದ ಮೇಲೆ ನನ್ನದೇ ಒಂದು ವ್ಯವಸ್ಥೆ ಮಾಡಿದ್ದೆ. ದೇವರನಾಮದ ಜೋಡಿಗೆ ಕುಂಕುಮದ ಬೊಟ್ಟು, ಸಿನಿಮಾ ಹಾಡಿನ ಜೋಡಿಗೆ ಅರಿಶಿನದ ಬೊಟ್ಟು. ಕೆಂಪಿಗೆ ಕೆಂಪು, ಹಳದಿಗೆ ಹಳದಿ. ಯಾವ ಇಂಜಿನಿಯರಿಗೂ ಹೊಳೆಯದ ಉಪಾಯ!

ಶಾರದಮ್ಮನವರು ಬರುತ್ತಾರೆಂದ ಮೇಲೆ ಮನೆ ಫಳಫಳಿಸಬೇಡವೇ? ಸೋಪಿನ ಪುಡಿ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಕಿಟಕಿ, ಟೀಪಾಯಿ, ಟಿವಿ ಒರೆಸಿದೆ. ಅದೇ ಬಟ್ಟೆಯಲ್ಲಿ ಸಾಮ್ರಾಜ್ಯವನ್ನೂ ಒರೆಸಿದೆ. ಬೊಟ್ಟು ಅಳಿಸಬಾರದೆಂದು ಅಲ್ಲಿ ಮಾತ್ರ ಮೆಲ್ಲಗೆ ಒತ್ತಿದೆ. ಮೂರೂಮುಕ್ಕಾಲಿಗೆ ಬಂದು ನೋಡುತ್ತೇನೆ, ನಾಲ್ಕಕ್ಕೆ ನಾಲ್ಕೂ ಕೆಂಪು!

ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆಂಬುದು, ಪ್ರತಿ ಹಬ್ಬದ ಮರುದಿನ ಸೀರೆ ಒಗೆಯುವ ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಆ ಗಳಿಗೆಯಲ್ಲಿ ನನಗೆ ಬಂದದ್ದು ಬುದ್ಧಿಯಲ್ಲ, ಭಕ್ತಿ. ತಾಯಿಯೇ ನಾಲ್ಕಕ್ಕೂ ಕುಂಕುಮ ಇಟ್ಟುಬಿಟ್ಟಿದ್ದಾಳೆ! ಇನ್ನು ಯಾವುದಕ್ಕೆ ಯಾವುದನ್ನು ಸಿಕ್ಕಿಸಿದರೂ ದೇವರನಾಮವೇ! ಕೈಮುಗಿದೆ. ಬೆಲ್ ಆಯಿತು.

ಶಾರದಮ್ಮನವರು ಸೋಫಾದಲ್ಲಿ ಕುಳಿತು ವೈರುಗಳನ್ನು ಅನುಮಾನದಿಂದ ನೋಡಿದರು. ಪಕ್ಕದಲ್ಲಿ ವಿಮಲಾ.

"ಇದೆಲ್ಲ ಯಾಕೇ ರುಕ್ಕು? ಬಾಯಿ ಇಲ್ವಾ ನಿಂಗೆ? ಹಾಡು."

"ಇದರಲ್ಲಿ ಕೇಳಿ ಅಮ್ಮ, ಎಳೆ ಎಳೆಯಾಗಿ ಕೇಳ್ಸುತ್ತೆ."

ಕಿರೀಟಧಾರಣೆ ಮಾಡುವಂತೆ ಅವರ ತಲೆಗೆ ಹೆಡ್‌ಫೋನ್ ತೊಡಿಸಿದೆ. ಗುಂಡಿಯನ್ನು ಮುಕ್ಕಾಲು ಸುತ್ತು ತಿರುಗಿಸಿದೆ. ಶ್ರೀರಾಮನನ್ನು ನೆನೆದು ಫೋನ್ ಒತ್ತಿದೆ.

ಶಾರದಮ್ಮನವರು ಎದ್ದರು. ಎದ್ದರು ಎನ್ನುವುದು ಮರ್ಯಾದೆಯ ಮಾತು. ಹಾರಿದರು!

ನಾನು ಸಿಕ್ಕಿಸಿದ್ದು ಕಿರುಚುವ ಹೆಡ್‌ಫೋನನ್ನು, ಬಲವಾದ ಆಂಪ್ಲಿಫಯರಿಗೆ. ಸಾಲದ್ದಕ್ಕೆ, ರೆಕಾರ್ಡಿಂಗಿನ ಮೊದಲಲ್ಲಿ ಇದ್ದದ್ದು ಹಾಡಲ್ಲ. ನಾನು ಗಂಟಲು ಸರಿಮಾಡಿಕೊಂಡ ಸದ್ದು! ಆ 'ಖೆಕ್' ಎಂಬುದು ಸಿಡಿಲಿನಂತೆ ಅವರ ಎರಡೂ ಕಿವಿಗೆ ಬಡಿದಿತ್ತು. ತಲೆಯಿಂದ ಕಳಚಿದ ಹೆಡ್‌ಫೋನ್ ವಿಮಲಾಳ ಮಡಿಲಿಗೆ ಬಿತ್ತು. ಅಲ್ಲಿಂದಲೂ ನನ್ನ ಪಲ್ಲವಿ ಇಡೀ ಹಾಲಿಗೆ ಕೇಳಿಸುತ್ತಿತ್ತು.

"ಅಯ್ಯೋ, ತಪ್ಪಾಯ್ತು ಅಮ್ಮ! ಬಾಯಲ್ಲೇ ಹಾಡ್ತೀನಿ, ಕೇಳಿ" ಎಂದು ಎಲ್ಲವನ್ನೂ ಆಫ್ ಮಾಡಿ, ನೆಲದ ಮೇಲೆ ಕುಳಿತು ಹಾಡಿದೆ. ನಾಚಿಕೆಗೋ ಏನೋ, ಅಂದು ಗಂಟಲು ಕಟ್ಟಲೇ ಇಲ್ಲ! ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ವಿಮಲಾಳ ಕಣ್ಣೂ ಒದ್ದೆಯಾಯಿತು.

ಶಾರದಮ್ಮನವರು ಹುಬ್ಬು ಗಂಟಿಕ್ಕಿ ಕೈ ಎತ್ತಿದರು.

"ಮೊದಲು ಆ ತಂಬೂರಿ ನಿಲ್ಸೇ. ಹಾಡೇ ಕೇಳ್ತಿಲ್ಲ."

ನಮ್ಮ ಮನೆಯಲ್ಲಿ ತಂಬೂರಿಯೇ ಇರಲಿಲ್ಲ! ಗುಂಯ್ ಎನ್ನುತ್ತಿದ್ದದ್ದು ಅವರ ಕಿವಿ.

ಕಾಫಿ ಕೊಟ್ಟೆ. ಕುಡಿದರು. ವಿಮಲಾಳ ಕೈ ಹಿಡಿದು ಇಳಿದುಹೋದರು.

ಏಳು ಗಂಟೆಗೆ ಬಂದ ಯಜಮಾನರು ನಾಲ್ಕು ಕೆಂಪು ಬೊಟ್ಟುಗಳನ್ನು ಕಂಡು, "ಇದೇನೇ, ಈಗ ಎಲ್ಲಕ್ಕೂ ಕುಂಕುಮಾನಾ? ಆಯುಧಪೂಜೆ ಮುಗಿದು ಎಷ್ಟು ದಿನ ಆಯ್ತು?" ಎಂದರು. ನಡೆದದ್ದನ್ನು ಹೇಳಿದೆ. ಅದೇ ಹೆಡ್‌ಫೋನ್ ಹಾಕಿ ನೋಡಿದರು. ಬಲಗಡೆಯದು ಸತ್ತಿತ್ತು.

"ಎಡಗಡೆ?"

"ಹಾಡ್ತಿದೆ."

ದೇವರು ದೊಡ್ಡವನು.

ಅಷ್ಟರಲ್ಲಿ ವಿಮಲಾ ಬಂದಳು. ಶಾರದಮ್ಮನವರ ಕಿವಿ ಎರಡೂ ಸರಿಹೋಗಿದ್ದವಂತೆ. ಅದು ಅವನ ಇನ್ನೂ ದೊಡ್ಡ ದಯೆ. ಆಮೇಲೆ ಸೆರಗಿನ ತುದಿ ತಿರುಚುತ್ತಾ ಹೇಳಿದಳು.

"ಮುಂದೆ ಕೂತು ಹೇಳ್ಕೊಡೋಕೆ ನನ್ನನ್ನೇ ಒಪ್ಸಿದ್ರು ರುಕ್ಕಮ್ಮ. ಬೇಜಾರು ಮಾಡ್ಕೋಬೇಡಿ. ನಿಮಗೂ ಒಂದು ಕೆಲಸ ಇದೆ."

"ಏನು?"

"ಹುಗ್ಗಿ ಹಂಚೋ ಕಡೆ ಜನ ನೂಕಾಡ್ತಾರಲ್ಲ, ಅಲ್ಲಿ ನಿಂತು 'ಸಾಲಾಗಿ ಬನ್ನಿ' ಅನ್ಬೇಕಂತೆ. ಮೈಕು ಬೇಡ, ರುಕ್ಕು ಸಾಕು ಅಂದ್ರು."

ಯಜಮಾನರು ನಗು ತಡೆಯಲು ಟವೆಲ್ ಬಾಯಿಗಿಟ್ಟುಕೊಂಡರು.

"ಸರಿ" ಎಂದೆ. ದೇವರು ಕೊಟ್ಟ ದನಿ. ತನಗೆ ಬೇಕಾದ ಕಡೆ ಬಳಸಿಕೊಳ್ಳುತ್ತಾನೆ. ಬೆಳಗಿನ ದೋಸೆಗೆ ರುಬ್ಬುವುದು ಬಾಕಿಯಿತ್ತು. ಅಡುಗೆಮನೆಗೆ ಹೋಗಿ ಗ್ರೈಂಡರಿಗೆ ಅಕ್ಕಿ ಹಾಕಿ ಸ್ವಿಚ್ ಒತ್ತಿದೆ. ಅದರ ಗಡಗಡ ಸದ್ದಿನಲ್ಲಿ ಒಮ್ಮೆ ಕೂಗಿ ನೋಡಿದೆ.

"ಸಾಲಾಗಿ ಬನ್ನೀ!"

ಚೆನ್ನಾಗಿಯೇ ಕೇಳಿಸಿತು.