ಕಸ ಹಾಕದ ಮನೆ

ವಿಜಯ್‌ಕುಮಾರ್ ಒಂದು ತಿಂಗಳಿಂದ ಕಸದ ಗಾಡಿಗೆ ಕಸ ಹಾಕಿರಲಿಲ್ಲ. ಇದರಿಂದ ಯಾರಿಗೇನು ತೊಂದರೆ ಎಂದು ನೀವು ಕೇಳಬಹುದು. ದಟ್ಟಗಳ್ಳಿಯ ಆ ಅಡ್ಡರಸ್ತೆಯಲ್ಲಿ ನೀವು ಮನೆ ಮಾಡಿಲ್ಲ, ಅದಕ್ಕೇ ಕೇಳುತ್ತೀರಿ.

ಅಲ್ಲಿ ಗಾಡಿಯ ಹಾಡು ಕೇಳಿಸಿದೊಡನೆ ಮನೆಗೊಬ್ಬರು ಬಕೆಟ್ ಹಿಡಿದು ಹೊರಗೆ ಬರುತ್ತಾರೆ. ಯಾರ ಮನೆಯಲ್ಲಿ ನುಗ್ಗೇಕಾಯಿ ಹುಳಿ, ಯಾರ ಮನೆಗೆ ನೆಂಟರು ಬಂದಿದ್ದಾರೆ, ಶುಗರ್ ಇದೆಯೆಂದು ಹೇಳಿಕೊಂಡು ತಿರುಗುವವರ ಮನೆಯಲ್ಲಿ ಮೈಸೂರು ಪಾಕಿನ ಡಬ್ಬ ಹೇಗೆ ಖಾಲಿಯಾಯಿತು, ಎಲ್ಲ ಅಲ್ಲೇ ತಿಳಿಯುತ್ತದೆ. ಎದುರುಮನೆಯ ಗಿರಿಜಾಂಬಾ ಅವರಂತೂ ಪೇಪರ್ ಹಾಕಿಸುವುದನ್ನೇ ಬಿಟ್ಟಿದ್ದರು.

ವಿಜಯ್‌ಕುಮಾರನಿಗೆ ಇದ್ದದ್ದು ಒಂದೇ ಆಸೆ. ಹಿತ್ತಲಲ್ಲಿ ತಾನು ತಂದಿಟ್ಟ ಗೊಬ್ಬರದ ಡ್ರಮ್ ಅಲ್ಲೇ ಉಳಿಯಬೇಕು. ಹೆಂಡತಿ ಸುಚಿತ್ರಾಗೆ ಆ ಡ್ರಮ್ ಕಂಡರಾಗದು. ತಂಗಿಯ ಬಾಣಂತನಕ್ಕೆಂದು ಚಾಮರಾಜನಗರಕ್ಕೆ ಹೊರಟಾಗ ಅವಳು ಖಡಾಖಂಡಿತವಾಗಿ ಹೇಳಿದ್ದಳು: “ನಾನು ಬರೋವರ್ಗೂ ಗಾಡಿಗೆ ಒಂದು ಚೂರೂ ಕಸ ಹಾಕ್ದೆ ಮನೆ ನಡೆಸಿ ತೋರ್ಸಿ, ಡ್ರಮ್ ಇರ್ಲಿ. ಹಾಕಿದ್ರೋ, ಅದೇ ಗಾಡೀಲಿ ಡ್ರಮ್ಮೂ ಹೋಗುತ್ತೆ.”

ಪುಣ್ಯಾತ್ಮ ಹಠ ಹಿಡಿದು ಸಾಧಿಸಿದ. ಅಂಗಡಿಗೆ ಬಟ್ಟೆ ಚೀಲ, ಹಾಲಿಗೆ ಸ್ಟೀಲ್ ಕ್ಯಾನ್, ಸಿಪ್ಪೆಯೆಲ್ಲ ಡ್ರಮ್ಮಿಗೆ. ಭಾನುವಾರ ಸಂಜೆ ಸುಚಿತ್ರಾ ಬರುವವಳಿದ್ದಳು. ಅವತ್ತು ಬೆಳಿಗ್ಗೆ ಅವನು ಗೆದ್ದೆನೆಂದೇ ತಿಳಿದಿದ್ದ.

ಗಾಡಿ ಅತ್ತ ಹೋಗುತ್ತಲೇ ಗಿರಿಜಾಂಬಾ ಇತ್ತ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ ತುಂಬ ಪಲಾವ್.

“ವಿಜಯಾ, ಬೇಜಾರು ಮಾಡ್ಕೋಬೇಡಪ್ಪ. ಮನೇಲಿ ಒಲೆ ಹಚ್ತಾ ಇದೀಯಾ?”

“ಹಚ್ತೀನಲ್ಲ ಆಂಟಿ. ಈಗ್ತಾನೆ ಉಪ್ಪಿಟ್ಟು ತಿಂದೆ.”

“ಒಂದ್ ತಿಂಗ್ಳಿಂದ ಒಂದ್ ಈರುಳ್ಳಿ ಸಿಪ್ಪೆ ಆಚೆ ಬಂದಿಲ್ಲ. ಅದ್ಯಾವ ಉಪ್ಪಿಟ್ಟೋ!” ಎಂದು ಅವರು ಧ್ವನಿ ತಗ್ಗಿಸಿದರು. “ಸುಚಿತ್ರಾ ಕೋಪ ಮಾಡ್ಕೊಂಡು ಹೋದ್ಲಾ?”

ವಿಜಯ್‌ಕುಮಾರ್ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಡ್ರಮ್ ತೆರೆದ. ಕೈ ಹಾಕಿ ಒಂದು ಹಿಡಿ ಕಪ್ಪು ಮಣ್ಣು ತೆಗೆದು ಅಕ್ಕರೆಯಿಂದ ತೋರಿಸಿದ. “ನೋಡಿ ಆಂಟಿ, ಇವು ಮೊದಲನೇ ವಾರದ ಬೀನ್ಸು.”

ಗಿರಿಜಾಂಬಾ ಮಣ್ಣನ್ನು ನೋಡಿದರು, ಅವನ ಮುಖ ನೋಡಿದರು. ಅವರ ಕಣ್ಣು ತುಂಬಿ ಬಂತು. “ಡಬ್ಬಿ ವಾಪಸ್ ಬೇಡಪ್ಪ, ಬಿಸಾಕ್ಬುಡು” ಎಂದವರೇ ಮನೆಗೆ ಹೋಗಿ ಫೋನ್ ಹಿಡಿದು ಕುಳಿತರು.

ಹೆಂಡತಿಯ ಕೊರಗಿನಲ್ಲಿ ವಿಜಯ್‌ಕುಮಾರ್ ಊಟ ಬಿಟ್ಟು ಮಣ್ಣಿನ ಜೊತೆ ಮಾತಾಡುತ್ತಿದ್ದಾನೆ ಎಂಬ ಸುದ್ದಿ ತಿಂಡಿ ಹೊತ್ತಿಗೆಲ್ಲ ರಸ್ತೆಯ ಆ ಕೊನೆ ಮುಟ್ಟಿತು. ಮೂಲೆಮನೆಯ ಲಿಂಗಯ್ಯ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದರು. ಚಟ್ನಿಗೊಂದು ಪ್ಲಾಸ್ಟಿಕ್ ಕವರ್, ಸಾಂಬಾರಿಗೊಂದು, ಎಲ್ಲಕ್ಕೂ ಸೇರಿಸಿ ಇನ್ನೊಂದು.

“ನಮ್ಮನೇವಳೂ ಒಂದ್ಸಲ ಹಿಂಗೇ ತವರಿಗೆ ಹೊಂಟೋಗಿದ್ಲು ಕಣಪ್ಪ. ಅಂಗಂತ ಹೊಟ್ಟೆ ಒಣಗುಸ್ಬಾರ್ದು.”

“ಅಂಕಲ್, ನಾನು ಅಡುಗೆ ಮಾಡ್ಕೋತೀನಿ. ಕಸ ಮಾತ್ರ ಮಾಡಲ್ಲ.”

“ಕಸಾನೇ ಇಲ್ದಿರೋ ಸಂಸಾರ ಎಲ್ಲಾದ್ರೂ ಇದ್ಯೇನಪ್ಪಾ? ತಿನ್ನು ತಿನ್ನು!” ಲಿಂಗಯ್ಯ ಎದುರಿಗೆ ಕೂತು ಕೊನೆಯ ಇಡ್ಲಿಯವರೆಗೂ ತಿನ್ನಿಸಿಯೇ ಎದ್ದರು.

ಮಧ್ಯಾಹ್ನ ನಿವಾಸಿಗಳ ಸಂಘದ ಅಧ್ಯಕ್ಷ ರಾಮಸ್ವಾಮಿಯವರು ಕಮಿಟಿಯನ್ನೇ ಕಟ್ಟಿಕೊಂಡು ರಾಜಿ ಮಾಡಿಸಲು ಬಂದರು. ಟೀ ಮಾಡುತ್ತೇನೆಂದು ವಿಜಯ್‌ಕುಮಾರ್ ಎದ್ದರೆ ಭುಜ ಹಿಡಿದು ಕೂರಿಸಿದರು. “ನೀವು ಶ್ರಮ ತಗೋಬಾರದು ಕಣ್ರೀ” ಎಂದು ಅಂಗಡಿಯಿಂದ ಪೇಪರ್ ಕಪ್ಪಿನಲ್ಲಿ ಟೀ ತರಿಸಿದರು. ಸುಚಿತ್ರಾ ಬಂದಾಗ ದಂಪತಿಗಳು ಕತ್ತರಿಸಲೆಂದು ಒಂದು ಕೇಕನ್ನೂ ತಂದಿದ್ದರು. ಸೆಕೆಗೆ ಅದರ ಕ್ರೀಮ್ ಕರಗುತ್ತಿರುವುದನ್ನು ಗಮನಿಸಿ, ಹಾಳಾಗಬಾರದೆಂದು ಕಮಿಟಿಯೇ ಸರ್ವಾನುಮತದಿಂದ ಅದನ್ನು ಮುಗಿಸಿತು. ಬಾಕ್ಸು, ಮೇಣದಬತ್ತಿ, ಪ್ಲಾಸ್ಟಿಕ್ ಚಾಕು ಮಾತ್ರ ವಿಜಯ್‌ಕುಮಾರನ ಪಾಲಿಗೆ ಉಳಿದವು.

ಅವರು ಹೋದ ಮೇಲೆ ವಿಜಯ್‌ಕುಮಾರ್ ಹಜಾರದ ನಡುವೆ ನಿಂತು ಸುತ್ತ ನೋಡಿದ. ಅಳು ಬಂತು. ಒಂದು ತಿಂಗಳ ತಪಸ್ಸು ಒಂದು ಹಗಲಿನಲ್ಲಿ ಮಣ್ಣುಪಾಲಾಗಿತ್ತು, ಗೊಬ್ಬರವಂತೂ ಆಗಿರಲಿಲ್ಲ. ಇದನ್ನೆಲ್ಲ ಸುಚಿತ್ರಾ ಕಂಡರೆ ತಿಂಗಳಿಡೀ ಹೋಟೆಲಿನಲ್ಲಿ ತಿಂದು ಕಸ ಬಚ್ಚಿಟ್ಟಿದ್ದೀರಿ ಎನ್ನುವುದು ಗ್ಯಾರಂಟಿ.

ದಸರಾ ಹತ್ತಿರವಾದ್ದರಿಂದ ಗಾಡಿ ಸಂಜೆಯೂ ಒಂದು ಸುತ್ತು ಬರುತ್ತಿತ್ತು. ಹಾಡು ಕೇಳಿಸಿದ್ದೇ ತಡ, ಅವನು ಎಲ್ಲವನ್ನೂ ಒಂದು ಮೂಟೆ ಕಟ್ಟಿದ. ತಪ್ಪೆಂದು ಮನಸ್ಸು ಚುಚ್ಚಿತು. ಆದರೂ, ಅವಳು ಬರುವ ಮೊದಲೇ ಮೂಟೆ ಹೋಗಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ಓಡಿಹೋಗಿ ಗಾಡಿಗೆ ಎಸೆದ. ಮೂಟೆ ಬಿಚ್ಚಿಕೊಂಡಿತು. ಗೇಟಿನಲ್ಲಿ ನಿಂತಿದ್ದ ಗಿರಿಜಾಂಬಾ ಅವರ ಮುಖ ಅರಳಿತು.

ಕತ್ತಲಾಗುವ ಹೊತ್ತಿಗೆ ಸುಚಿತ್ರಾ ಆಟೋದಿಂದ ಇಳಿದಳು. ಕಣ್ಣು ಊದಿಕೊಂಡಿತ್ತು, ಮುಖ ಕೆಂಪಾಗಿತ್ತು.

“ಬೆಳಿಗ್ಗೆ ಗಿರಿಜಾಂಬಾ ಆಂಟಿ ಫೋನ್ ಮಾಡಿದ್ರು. ನನ್ನ ನೆನೆಸ್ಕೊಂಡು ಊಟಾನೇ ಬಿಟ್ಟಿದೀರಿ ಅಂದ್ರು. ಬಸ್ಸಲ್ಲಿ ಅಳ್ತಾ ಕೂತಿದ್ದೆ ಕಣ್ರೀ. ಪಾಪ, ಒಂದಲ್ಲ ಎರಡು ಡ್ರಮ್ ಇಟ್ಕೊಳ್ಳಲಿ, ಕಸಾನೂ ಹಾಕ್ಕೊಳ್ಳಲಿ, ನಾನು ತುಟಿಪಿಟಕ್ ಅನ್ನಲ್ಲ ಅಂತ ದೇವ್ರಾಣೆ ಮನಸ್ಸು ಮಾಡಿದ್ದೆ.”

ವಿಜಯ್‌ಕುಮಾರನ ಎದೆ ತುಂಬಿ ಬಂತು. “ಸುಚೀ...”

“ತಡೀರಿ. ನಂಜನಗೂಡು ದಾಟ್ತಿದ್ದ ಹಾಗೆ ಇನ್ನೊಂದು ಫೋನು. ‘ಗಾಬರಿಯಾಗ್ಬೇಡಮ್ಮ, ಚೆನ್ನಾಗಿ ತಿಂದಿದಾನೆ, ಕೇಕು, ಇಡ್ಲಿ, ಪಲಾವು, ಟೀ ಕಪ್ಪಂತೂ ರಾಶಿ, ಮೂಟೆಗಟ್ಲೆ ಕಸ ಬಂತು’ ಅಂತ. ನಾನಿಲ್ದಾಗ ಯಾರಿಗ್ರೀ ಪಾರ್ಟಿ?”

“ಅಯ್ಯೋ, ಅದೆಲ್ಲ ಅವರೇ ತಂದಿದ್ದು ಕಣೇ!”

“ಯಾಕೆ ತಂದ್ರು?”

“ನಾನು ಊಟ ಬಿಟ್ಟಿದೀನಿ ಅಂತ.”

“ಬಿಟ್ಟಿದ್ರಾ?”

“ಇಲ್ಲ.”

“ಒಂದ್ ಹೊತ್ತೂ?”

ವಿಜಯ್‌ಕುಮಾರ್ ಅವಳ ಬ್ಯಾಗನ್ನು ಎತ್ತಿಕೊಂಡು ಒಳಗೆ ನಡೆದ. ಡ್ರಮ್ ನಾಳೆ ಬೆಳಿಗ್ಗೆಯೇ ಗಾಡಿಗೆ ಎಂದು ಸುಚಿತ್ರಾ ಘೋಷಿಸಿದಳು. ಆಮೇಲೆ ಅವಳು ಆಡಿದ್ದೆಲ್ಲ ಎದುರುಮನೆಗೂ ಸ್ಪಷ್ಟವಾಗಿ ಕೇಳಿಸಿತು.

ಗಿರಿಜಾಂಬಾ ಕಿಟಕಿಯ ಪರದೆ ಸರಿಸಿ ಕೇಳಿಸಿಕೊಂಡು, ಗಂಡನ ಕಡೆ ತಿರುಗಿ ನೆಮ್ಮದಿಯ ಉಸಿರುಬಿಟ್ಟರು.

“ಸದ್ಯ ಕಣ್ರೀ, ಜೋರಾಗಿ ಕಿತ್ತಾಡ್ತಾ ಇದಾರೆ. ಗಂಡ ಹೆಂಡ್ತಿ ಒಂದಾದ್ರು.”